ಕುಮಟೆಯ ತಾರಸಿಯಿಂದ ಕಾಸ್ಮಿಕ್ ಕಿರಣದ ಶಕ್ತಿ ಅಳೆಯಬಹುದಾ?

ಪ್ರಶ್ನೆ: ನಾನು ಕುಮಟಾ ತಾಲೂಕಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಹಳೆ ವಿದ್ಯಾರ್ಥಿಯೊಬ್ಬ ಕಾಸ್ಮಿಕ್ ಕಿರಣ ಎಣಿಸುವ ಸಣ್ಣ ಯಂತ್ರ ಮಾಡಿಕೊಟ್ಟಿದ್ದಾನೆ. 10 ಸೆಂ.ಮೀ. ಉದ್ದಗಲದ ಎರಡು ಸಿಂಟಿಲೇಟರ್ (ಕಣ ತಾಗಿದರೆ ಮಿನುಗುವ) ಹಲಗೆಗಳು ಒಂದರ ಮೇಲೊಂದು ಇವೆ, ನಡುವೆ 10 ಸೆಂ.ಮೀ. ಜಾಗ. ಎರಡೂ ಒಟ್ಟಿಗೆ ಮಿನುಗಿದರೆ ಒಂದು ಎಣಿಕೆ. ಶಾಲೆಯ ತಾರಸಿಯ ಮೇಲೆ ಮೂರು ತಾಸಿಗೆ 4,310 ಬಂತು. ಸಿರ್ಸಿಯಲ್ಲಿ ತಂಗಿಯ ಮನೆ ಅಂಗಳದಲ್ಲಿಟ್ಟಾಗ ಮೂರು ತಾಸಿಗೆ 4,762. ಮೇ ಕೊನೆಯಲ್ಲಿ ಒಂದು ಸಂಜೆ ಗುಡುಗುಮಳೆ ಬಂದಾಗ ಒಂಟಿ ಹಲಗೆಯ ಎಣಿಕೆ ಐದನೇ ಒಂದು ಪಾಲಿನಷ್ಟು ಏರಿತು. ಮಳೆ ನಿಂತು ಒಂದೆರಡು ತಾಸಿನಲ್ಲಿ ಇಳಿಯಿತು. ಜೋಡಿ ಎಣಿಕೆ ಬದಲಾಗಲಿಲ್ಲ. ಪಾಲಕರೊಬ್ಬರು ‘ಇದು ಕೈಗಾದಿಂದ ಬಂದದ್ದು’ ಎಂದು ಗಾಬರಿ ಎಬ್ಬಿಸಿದರು. ಮಕ್ಕಳಿಗೆ ಕಾಸ್ಮಿಕ್ ಕಿರಣದ ಶಕ್ತಿಯ ರೋಹಿತ, ಅಂದರೆ ಯಾವ ಶಕ್ತಿಯ ಕಣ ಎಷ್ಟು ಬರುತ್ತವೆ ಎಂಬ ನಕ್ಷೆ, ಬಿಡಿಸುವ ಆಸೆ. ಆದರೆ ವಿಜ್ಞಾನ ಮೇಳದ ತೀರ್ಪುಗಾರರು ‘ಉಪಗ್ರಹ ಇಲ್ಲದೆ ಶಕ್ತಿ ಅಳೆಯಲು ಬರುವುದಿಲ್ಲ, ನೆಲದ ಮೇಲಿನದೆಲ್ಲ ಊಹೆ’ ಎಂದುಬಿಟ್ಟರು. ಊರಿನ ದಾನಿಯೊಬ್ಬರು ಒಂದೂವರೆ ಲಕ್ಷ ಕೊಡಲು ಸಿದ್ಧರಿದ್ದಾರೆ. ಇನ್ನೂ ನಾಲ್ಕು ಯಂತ್ರ ಮಾಡಿಸಿ ಮೈದಾನದ ಮೂಲೆಗಳಲ್ಲಿ ಇಡೋಣವೇ? ಅವರ ದುಡ್ಡು ಹಾಳಾದೀತೇ?

ಉತ್ತರ: ಅಕ್ಕೋರೇ, ನಿಮ್ಮ ಪತ್ರದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಒಂದು ಪುಟ್ಟ ಸಾಲು: ‘ಜೋಡಿ ಎಣಿಕೆ ಬದಲಾಗಲಿಲ್ಲ’. ಮಳೆಯ ಗಡಿಬಿಡಿಯಲ್ಲೂ ಎರಡೂ ಅಂಕಿಗಳನ್ನು ಬೇರೆಬೇರೆ ಬರೆದಿಟ್ಟ ಮಕ್ಕಳಿಗೆ ನನ್ನ ಕಡೆಯಿಂದ ಶಾಭಾಸ್ ಹೇಳಿ. ಪಾಲಕರ ಗಾಬರಿಗೆ ಉತ್ತರ ಆ ಸಾಲಿನಲ್ಲೇ ಇದೆ.

ಹಾಗಾಗಿ ಕೈಗಾದ ವಿಷಯ ಮೊದಲು ಮುಗಿಸೋಣ. ಒಂಟಿ ಹಲಗೆ ಮಿನುಗಲು ಕಾಸ್ಮಿಕ್ ಕಿರಣವೇ ಬೇಕೆಂದಿಲ್ಲ. ಕಲ್ಲು, ಇಟ್ಟಿಗೆ, ಮಣ್ಣು ಎಲ್ಲದರಲ್ಲೂ ಒಂದಿಷ್ಟು ಸಹಜ ವಿಕಿರಣ ಇದ್ದೇ ಇರುತ್ತದೆ. ನೆಲದಿಂದ ಹಗಲೂ ರಾತ್ರಿ ರೇಡಾನ್ ಅನಿಲ ಏಳುತ್ತಲೇ ಇರುತ್ತದೆ. ಅದು ಒಡೆದು ಸೀಸ-214, ಬಿಸ್ಮತ್-214 ಎಂಬ ಮರಿಗಳಾಗುತ್ತವೆ. ಅವು ಗಾಳಿಯ ದೂಳಿಗೆ ಅಂಟಿಕೊಂಡು ತೇಲುತ್ತವೆ. ಜೋರು ಮಳೆ ಬಂದರೆ ಆಕಾಶ ತೊಳೆದ ಹಾಗೆ ಅವೆಲ್ಲ ನಿಮ್ಮ ತಾರಸಿಗೆ ಇಳಿಯುತ್ತವೆ, ಗಾಮಾ ಎಣಿಕೆ ಏರುತ್ತದೆ. ಸೀಸ-214ರ ಅರ್ಧಾಯುಷ್ಯ ಸುಮಾರು 27 ನಿಮಿಷ, ಬಿಸ್ಮತ್-214ರದ್ದು ಸುಮಾರು 20. ಅಂದರೆ ಮಳೆ ನಿಂತು ಒಂದೆರಡು ತಾಸಿನಲ್ಲಿ ಕಥೆ ಮುಗಿಯಬೇಕು. ನಿಮ್ಮಲ್ಲಿ ಆದದ್ದೂ ಅದೇ. ಮೇ ತಿಂಗಳ ಗುಡುಗುಮಳೆಯ ಗಾಳಿ ನೆಲದ ಮೇಲೆ ಓಡಾಡಿದ ಗಾಳಿ, ಅದರಲ್ಲಿ ರೇಡಾನ್ ಜಾಸ್ತಿ. ಜುಲೈಯಲ್ಲಿ ಸಮುದ್ರದ ಮೇಲಿಂದ ಸೀದಾ ಬರುವ ಗಾಳಿಯಲ್ಲಿ ಕಡಿಮೆ. ಈ ಮಳೆಗಾಲದಲ್ಲಿ ಎರಡನ್ನೂ ಹೋಲಿಸಿ ನೋಡಿ, ಸೊಗಸಾದ ಪ್ರಯೋಗ ಆಗುತ್ತದೆ.

ಇನ್ನು ಜೋಡಿ ಎಣಿಕೆ. ಮಣ್ಣಿನದಾಗಲಿ ಅಣುಸ್ಥಾವರದ್ದಾಗಲಿ, ಗಾಮಾ ಕಿರಣದ ಶಕ್ತಿ ಹೆಚ್ಚೆಂದರೆ ಕೆಲವು ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಪುಟ್ಟ ಮಾನ). ಅದು ಒಂದು ಹಲಗೆಯಲ್ಲಿ ಮಿನುಗು ಎಬ್ಬಿಸಿ, ಇನ್ನೊಂದನ್ನೂ ಅದೇ ಗಳಿಗೆಗೆ ಮಿನುಗಿಸುವುದು ಬಲು ಅಪರೂಪ. ಎರಡನ್ನೂ ದಾಟಿ ಹೋಗುವುದು ಮ್ಯೂಯಾನ್, ಅಂದರೆ ಕಾಸ್ಮಿಕ್ ಕಿರಣ ಮೇಲಿನ ಗಾಳಿಗೆ ಗುದ್ದಿದಾಗ ಹುಟ್ಟಿ ನೆಲದವರೆಗೆ ಬರುವ ಕಣ. ಸಮುದ್ರಮಟ್ಟದಲ್ಲಿ ಅದರ ಸರಾಸರಿ ಶಕ್ತಿ ಗಾಮಾ ಕಿರಣದ ಸಾವಿರ ಪಟ್ಟಿನ ಆಸುಪಾಸು. ನಡುವೆ ಒಂದು ಕಬ್ಬಿಣದ ತಟ್ಟೆ ಇಟ್ಟರೆ ಉಳಿದ ಅನುಮಾನವೂ ಹೋಗುತ್ತದೆ. ಆದರೆ ಇದರ ಇನ್ನೊಂದು ಮಗ್ಗುಲನ್ನೂ ಆ ಪಾಲಕರಿಗೆ ಹೇಳಬೇಕು. ಈ ಯಂತ್ರ ತೋರಿಸಿ ‘ಕೈಗಾದಿಂದ ಏನೂ ಬರುತ್ತಿಲ್ಲ’ ಎಂದು ಸರ್ಟಿಫಿಕೇಟ್ ಕೊಡಲಿಕ್ಕೂ ಆಗದು. ಅದಕ್ಕೆ ಹಾಲು, ಮೀನು, ನೀರು, ಮಣ್ಣಿನ ಮಾದರಿ ತೆಗೆದು ಬೇರೆ ಉಪಕರಣದಲ್ಲಿ ನೋಡಬೇಕಾಗುತ್ತದೆ. ನಿಮ್ಮದು ಆ ಕೆಲಸದ ಯಂತ್ರವೇ ಅಲ್ಲ.

ಸಿರ್ಸಿಯ ಅಂಕಿಗೆ ಬರುತ್ತೇನೆ. 4,762ರಲ್ಲಿ 4,310 ಕಳೆದರೆ 452. ಎಣಿಕೆಯ ಸಹಜ ಏರುಪೇರು ಒಟ್ಟು ಎಣಿಕೆಯ ವರ್ಗಮೂಲದಷ್ಟು, ಇಲ್ಲಿ ಸುಮಾರು 95. ವ್ಯತ್ಯಾಸ ಅದರ ನಾಲ್ಕೂಮುಕ್ಕಾಲು ಪಟ್ಟು ಇದೆ. ಇದು ಅದೃಷ್ಟದ ಆಟವಲ್ಲ. ಸಿರ್ಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕುಮಟೆಗಿಂತ 60–65 ಹೆಕ್ಟೊಪಾಸ್ಕಲ್ ಕಡಿಮೆ. ತಲೆಯ ಮೇಲೆ ಗಾಳಿ ಕಡಿಮೆ ಆದಷ್ಟೂ ಬದುಕಿ ಬರುವ ಮ್ಯೂಯಾನ್ ಜಾಸ್ತಿ. ಅಷ್ಟು ಎತ್ತರಕ್ಕೆ ಹತ್ತು ಪರ್ಸೆಂಟ್ ಏರಿಕೆ ನಂಬುವಂಥದ್ದೇ.

ಆದರೆ ನನ್ನ ಕೈಗೆ ಈ ಅಂಕಿ ಬಂದಿದ್ದರೆ ಮೊದಲು ಕೇಳುತ್ತಿದ್ದ ಪ್ರಶ್ನೆ ಬೇರೆ: ಆ ದಿನ ಎಷ್ಟು ಬಿಸಿಲಿತ್ತು? ಇಂಥ ಸಣ್ಣ ಯಂತ್ರಗಳಲ್ಲಿ ಬೆಳಕು ಹಿಡಿಯಲು ಸಾಮಾನ್ಯವಾಗಿ ಸಿಲಿಕಾನ್ ಫೋಟೊಮಲ್ಟಿಪ್ಲೈಯರ್ ಹಾಕುತ್ತಾರೆ. ಬಿಸಿ ಏರಿದರೆ ಅದು ಕೊಡುವ ಸಿಗ್ನಲ್ ಸಣ್ಣದಾಗುತ್ತದೆ. ಅಂಚಿನಲ್ಲಿದ್ದ ಸಿಗ್ನಲ್‌ಗಳು ಎಣಿಕೆಗೆ ಸಿಗದೆ ಜಾರಿಬಿಡುತ್ತವೆ. ಕುಮಟೆಯ ಕಾದ ತಾರಸಿಯಲ್ಲಿ ಎಣಿಕೆ ಕಡಿಮೆ, ಸಿರ್ಸಿಯ ತಂಪು ಅಂಗಳದಲ್ಲಿ ಜಾಸ್ತಿ ಬಂದರೆ ಅದರಲ್ಲಿ ಎತ್ತರದ ಪಾಲೆಷ್ಟು, ತಂಪಿನ ಪಾಲೆಷ್ಟು? ಒಂದು ರಾತ್ರಿ ಕುಮಟೆಯಲ್ಲೇ ತಂಪು ಹೊತ್ತಿನಲ್ಲಿ ಮೂರು ತಾಸು ಎಣಿಸಿ. 4,310ರ ಹತ್ತಿರವೇ ಬಂದರೆ ನಿಮ್ಮ ಫಲಿತಾಂಶ ಗಟ್ಟಿ.

ಈಗ ತೀರ್ಪುಗಾರರ ಮಾತು. ಅರ್ಧ ತಪ್ಪು, ಅರ್ಧ ಸರಿ. ಸರಿ ಇರುವ ಅರ್ಧವೇ ಹೆಚ್ಚು ರುಚಿಯಾದದ್ದು.

ತಪ್ಪು ಯಾಕೆಂದರೆ, ಉಪಗ್ರಹಕ್ಕೆ ಸಿಗುವುದು ಸಣ್ಣ ಮೀನು, ಅಂದರೆ ಕಡಿಮೆ ಶಕ್ತಿಯ ಕಣ ಮಾತ್ರ. ಕಾಸ್ಮಿಕ್ ಕಿರಣ ಅಂದರೆ ಹೆಚ್ಚಾಗಿ ಬಾಹ್ಯಾಕಾಶದಿಂದ ಬರುವ ಪ್ರೋಟಾನ್‌ಗಳು. ಜೊತೆಗೆ ಹೀಲಿಯಂನಿಂದ ಕಬ್ಬಿಣದವರೆಗಿನ ಪರಮಾಣು ಬೀಜಗಳು. ಅವುಗಳ ಶಕ್ತಿ ಹತ್ತು ಪಟ್ಟು ಏರಿದರೆ ಸಂಖ್ಯೆ ಸುಮಾರು ಐವತ್ತನೇ ಒಂದು ಪಾಲಿಗೆ ಇಳಿಯುತ್ತದೆ. 10¹¹ ಎಲೆಕ್ಟ್ರಾನ್ ವೋಲ್ಟಿನ ಆಸುಪಾಸಿನವು ಒಂದು ಚದರ ಮೀಟರಿಗೆ ಸೆಕೆಂಡಿಗೆ ಒಂದರಂತೆ ಬರುತ್ತವೆ. 3×10¹⁵ ದಾಟಿದವು ಒಂದು ಚದರ ಮೀಟರಿಗೆ ವರ್ಷಕ್ಕೆ ಒಂದು. 10²⁰ ಅಂದರೆ ಒಂದು ಚದರ ಕಿಲೋಮೀಟರಿಗೆ ನೂರು ವರ್ಷಕ್ಕೆ ಒಂದರ ಲೆಕ್ಕ. ಬಾಹ್ಯಾಕಾಶ ನಿಲ್ದಾಣದಲ್ಲಿ 2011ರಿಂದ ಇರುವ ಎಎಂಎಸ್-02 ಥರದ ಉಪಕರಣಗಳು ಕಣವನ್ನೇ ಕೈಯಲ್ಲಿ ಹಿಡಿದು ಅಳೆಯುತ್ತವೆ, ನಿಜ. ಆದರೆ ಅವುಗಳ ಬಲೆ ಚದರ ಮೀಟರುಗಳಲ್ಲಿ. 10¹⁴ ದಾಟಿದ ಮೇಲೆ ಆ ಬಲೆಗೆ ಏನೂ ಬೀಳುವುದಿಲ್ಲ ಅಂದರೂ ನಡೆದೀತು. ಅಲ್ಲಿಂದ ಮೇಲಿನದಕ್ಕೆ ರಂಪಣಿಯೇ ಬೇಕು. ಅಷ್ಟು ದೊಡ್ಡ ಬಲೆ ಹರಡಲು ಜಾಗ ಇರುವುದು ನೆಲದ ಮೇಲೆ ಮಾತ್ರ.

ಸರಿ ಇರುವ ಅರ್ಧ ಇದು: ನೆಲದ ಮೇಲೆ ನಾವು ಮೂಲ ಕಣವನ್ನು ಯಾವತ್ತೂ ನೋಡುವುದಿಲ್ಲ. ಪ್ರೋಟಾನ್ ಹದಿನೈದಿಪ್ಪತ್ತು ಕಿಲೋಮೀಟರ್ ಮೇಲೆಯೇ ಗಾಳಿಯ ಒಂದು ಪರಮಾಣುವಿಗೆ ಗುದ್ದಿ ಪುಡಿಯಾಗಿರುತ್ತದೆ. ಆ ಪುಡಿ ಮತ್ತೆ ಗುದ್ದುತ್ತದೆ, ಮತ್ತೆ ಪುಡಿ. ಹೀಗೆ ಒಂದು ಕಣ ಲಕ್ಷ, ಕೋಟಿ ಕಣಗಳ ಸುರಿಮಳೆಯಾಗುತ್ತದೆ. ಇಂಥ ಕಣಗಳು ದೂರದೂರದ ಡಿಟೆಕ್ಟರ್‌ಗಳಿಗೆ ಒಂದೇ ಗಳಿಗೆಯಲ್ಲಿ ಬಡಿಯುವುದನ್ನು ಪಿಯರ್ ಓಜೆ 1938ರಲ್ಲಿ ತೋರಿಸಿದ. ಎಲೆಕ್ಟ್ರಾನ್‌ಗಳು ಗಾಳಿಯಲ್ಲಿ ಹೇಗೆ ಮರಿ ಹಾಕುತ್ತ ಹೋಗುತ್ತವೆ ಎಂಬ ಲೆಕ್ಕವನ್ನು 1937ರಲ್ಲಿ ಬರೆದವರಲ್ಲಿ ಒಬ್ಬರು ನಮ್ಮ ಹೋಮಿ ಭಾಭಾ. ಯುದ್ಧದ ಕಾಲಕ್ಕೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಸ್ಮಿಕ್ ಕಿರಣದ ಕೆಲಸವನ್ನೇ ಮಾಡುತ್ತಿದ್ದರು.

ಹಾಗಾದರೆ ಊಹೆ ಎಂದದ್ದು ಸರಿಯಾಯಿತಲ್ಲ? ಇಲ್ಲ. ಇದು ಸಾಕ್ಷಿ ನೋಡಿ ಕಟ್ಟಿದ ಲೆಕ್ಕ, ಎಲ್ಲಿ ತಪ್ಪಬಹುದು ಎಂದು ತಾನೇ ಹೇಳುವ ಲೆಕ್ಕ. ಹೇಗೆಂದು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಮಕ್ಕಳಿಗೆ ಬೇಕಾದದ್ದು ಇದೇ.

ಗಾಳಿಯನ್ನು ಒಂದು ದಪ್ಪ ಯಂತ್ರ ಎಂದುಕೊಳ್ಳಿ. ಸಮುದ್ರಮಟ್ಟದಲ್ಲಿ ಪ್ರತಿ ಚದರ ಮೀಟರಿನ ಮೇಲೆ ಹತ್ತು ಟನ್ ಗಾಳಿ ಇದೆ, ಹತ್ತು ಮೀಟರ್ ನೀರಿನಷ್ಟು. ಮೂಲ ಕಣದ ಶಕ್ತಿ ಹೆಚ್ಚಾದಷ್ಟೂ ಸುರಿಮಳೆಯ ಕಣ ಜಾಸ್ತಿ. 10¹⁵ರ ಪ್ರೋಟಾನ್ ತನ್ನ ಸುರಿಮಳೆಯ ತುತ್ತತುದಿಯಲ್ಲಿ ಆರೇಳು ಲಕ್ಷ ಕಣ ಮಾಡುತ್ತದೆ. ನೆಲದ ಮೇಲೆ ಅಲ್ಲಲ್ಲಿ ಡಿಟೆಕ್ಟರ್ ಇಟ್ಟು, ಯಾವುದಕ್ಕೆ ಎಷ್ಟು ಕಣ ಬಿತ್ತು ನೋಡಿ, ಸುರಿಮಳೆಯ ನಡು ಎಲ್ಲಿ, ಒಟ್ಟು ಗಾತ್ರ ಎಷ್ಟು ಎಂದು ಕಂಡುಕೊಳ್ಳುತ್ತೇವೆ. ಯಾವ ಡಿಟೆಕ್ಟರ್ ಎಷ್ಟು ನ್ಯಾನೋಸೆಕೆಂಡ್ ಮೊದಲು ಮಿನುಗಿತು ಎಂಬುದರಿಂದ ದಿಕ್ಕು ಸಿಗುತ್ತದೆ. ಒಂದು ನ್ಯಾನೋಸೆಕೆಂಡಿಗೆ ಬೆಳಕು ಓಡುವುದು 30 ಸೆಂ.ಮೀ., ಒಂದಡಿ.

ಇಲ್ಲಿ ಬಲೆಯ ಕಣ್ಣಿನ ಮಾತು ಬರುತ್ತದೆ. ಕಣ್ಣು ದೊಡ್ಡದಿದ್ದರೆ ತಾರ್ಲೆ, ಬಂಗಡೆ ನುಸುಳಿ ಹೋಗುತ್ತವೆ ಎಂದು ನಿಮ್ಮ ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ. ಊಟಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗ್ರೇಪ್ಸ್-3 ಎಂಬ ಜಾಲ ಇದೆ. ಒಂದೊಂದು ಚದರ ಮೀಟರಿನ ಸುಮಾರು 400 ಸಿಂಟಿಲೇಟರ್‌ಗಳು, ಎಂಟೆಂಟು ಮೀಟರ್ ಅಂತರದಲ್ಲಿ. ಸಣ್ಣ ಕಣ್ಣಿನ ಬಲೆ. 10¹³–10¹⁴ ಎಲೆಕ್ಟ್ರಾನ್ ವೋಲ್ಟಿನ ಸುರಿಮಳೆಯನ್ನೂ ಹಿಡಿಯುತ್ತದೆ, ಆದರೆ ಹರಡಿರುವ ಜಾಗ ಸುಮಾರು 25,000 ಚದರ ಮೀಟರ್ ಮಾತ್ರ. ಅರ್ಜೆಂಟೀನಾದ ಪಿಯರ್ ಓಜೆ ವೀಕ್ಷಣಾಲಯ ಇದಕ್ಕೆ ತದ್ವಿರುದ್ಧ. ತಲಾ 12 ಟನ್ ನೀರಿನ 1,600ಕ್ಕೂ ಹೆಚ್ಚು ಟ್ಯಾಂಕುಗಳು, ಒಂದೂವರೆ ಕಿಲೋಮೀಟರ್ ಅಂತರದಲ್ಲಿ, 3,000 ಚದರ ಕಿಲೋಮೀಟರಿಗೆ ಹರಡಿವೆ. ಅದರ ಮುಖ್ಯ ಜಾಲಕ್ಕೆ 10¹⁸ಕ್ಕಿಂತ ಕೆಳಗಿನ ಹೆಚ್ಚಿನ ಮಳೆಗಳು ಕಾಣುವುದೇ ಇಲ್ಲ.

ಬಲೆಗೆ ಬಿದ್ದ ಮೀನು ಎಣಿಸಿ ಸಮುದ್ರದಲ್ಲಿ ಇಷ್ಟೇ ಮೀನಿದೆ ಎಂದರೆ ಯಾರೂ ಒಪ್ಪುವುದಿಲ್ಲ, ಅಲ್ವಾ? ರೋಹಿತ ಬಿಡಿಸುವವನ ಮುಕ್ಕಾಲು ಕೆಲಸ ತನ್ನ ಬಲೆಯಿಂದ ಏನು ತಪ್ಪಿಸಿಕೊಂಡಿತು ಎಂದು ಲೆಕ್ಕ ಹಾಕುವುದು. ನನ್ನ ವೃತ್ತಿಯ ವರ್ಷಗಳೆಲ್ಲ ಹೆಚ್ಚುಕಡಿಮೆ ಇದರಲ್ಲೇ ಕಳೆದವು.

ಓರೆಯಾಗಿ ಬರುವ ಸುರಿಮಳೆ ಇನ್ನೊಂದು ತಲೆನೋವು. ನೆತ್ತಿಯಿಂದ 45 ಡಿಗ್ರಿ ಓರೆ ಬಂದದ್ದು ಸುಮಾರು 1.4 ಪಟ್ಟು ಗಾಳಿ ದಾಟಬೇಕು. ನೆಲ ತಲುಪುವಾಗ ಸೊರಗಿರುತ್ತದೆ. ಶಕ್ತಿ ಒಂದೇ ಇದ್ದರೂ ಗಾತ್ರ ಸಣ್ಣದಾಗಿ ಕಾಣುತ್ತದೆ. ಇದಕ್ಕೊಂದು ಜಾಣ ಉಪಾಯ ಇದೆ. ಕಾಸ್ಮಿಕ್ ಕಿರಣ ಆಕಾಶದ ಎಲ್ಲ ಕಡೆಯಿಂದಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬರುತ್ತದೆ. ಹಾಗಾಗಿ ಪ್ರತಿ ಓರೆಗೂ ಮಳೆಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ನಿಲ್ಲಿಸಿ. ಒಂದೇ ಆಕಾಶದ ಪಾಲಿಗೆ, ಒಂದೇ ಕಾಲಕ್ಕೆ ಲೆಕ್ಕ ಹಾಕಿದಾಗ ನೆತ್ತಿಯ ಸಾಲಿನ ನೂರನೆಯವನೂ ಓರೆ ಸಾಲಿನ ನೂರನೆಯವನೂ ಒಂದೇ ಶಕ್ತಿಯವರು. ಅವರ ಗಾತ್ರದ ವ್ಯತ್ಯಾಸವೇ ಗಾಳಿ ತಿಂದ ಪಾಲು. ಗಾಳಿ ಎಷ್ಟು ತಿಂದಿತು ಎಂಬುದನ್ನು ಕಂಪ್ಯೂಟರಿನ ಮಾದರಿ ಕೇಳದೆ, ಬಂದ ಅಂಕಿಗಳಿಂದಲೇ ತೆಗೆದ ಹಾಗಾಯಿತು. ಈ ಉಪಾಯ ಮೊದಲ ಸಲ ಅರ್ಥವಾದ ದಿನ ನನಗೆ ಊಟ ಸೇರಿರಲಿಲ್ಲ.

ಇಷ್ಟಾದರೂ ಗಾತ್ರದಿಂದ ಶಕ್ತಿಗೆ ದಾಟುವ ಸಂಕ ಒಂದು ಬೇಕು. ಆ ಸಂಕ ಎಷ್ಟು ಗಟ್ಟಿ ಎಂಬುದೇ ತೀರ್ಪುಗಾರರ ಪ್ರಶ್ನೆಯ ತಿರುಳು. ಅರ್ಜೆಂಟೀನಾದಲ್ಲಿ ಟ್ಯಾಂಕುಗಳ ಜೊತೆಗೆ 27 ದೂರದರ್ಶಕಗಳಿವೆ. ಸುರಿಮಳೆ ಹಾದುಹೋಗುವಾಗ ಗಾಳಿಯ ನೈಟ್ರೋಜನ್ ಮಂಕಾಗಿ ಹೊಳೆಯುತ್ತದೆ. ಆ ಬೆಳಕು ಒಟ್ಟು ಸುರಿದ ಶಕ್ತಿಗೆ ತಕ್ಕಷ್ಟಿರುತ್ತದೆ. ಬೆಳಕು ಅಳೆದರೆ ಶಕ್ತಿ ಸಿಕ್ಕಿತು, ಅದೇ ಮಳೆ ಟ್ಯಾಂಕುಗಳಲ್ಲಿ ಎಷ್ಟು ಕೊಟ್ಟಿತು ನೋಡಿ ಟ್ಯಾಂಕಿಗೆ ಅಳತೆ ಕಟ್ಟಿದರು. ತೊಂದರೆ ಏನೆಂದರೆ ಚಂದ್ರನಿಲ್ಲದ, ಮೋಡವಿಲ್ಲದ ರಾತ್ರಿಯಲ್ಲಿ ಮಾತ್ರ ಇದು ಸಾಧ್ಯ, ಒಟ್ಟು ಕಾಲದ ಹದಿನೈದು ಪರ್ಸೆಂಟ್ ಒಳಗೆ. ನಮ್ಮ ಕರಾವಳಿಯಲ್ಲಾದರೆ ಮಳೆಗಾಲದ ನಾಲ್ಕು ತಿಂಗಳು ಬಾಗಿಲು ಹಾಕಿಕೊಂಡು ಕೂರಬೇಕಿತ್ತು.

ಇಷ್ಟೆಲ್ಲ ಮಾಡಿಯೂ ಅವರು ಶಕ್ತಿಯಲ್ಲಿ 14 ಪರ್ಸೆಂಟ್ ಹೆಚ್ಚುಕಡಿಮೆ ಇರಬಹುದು ಎಂದು ಬರೆಯುತ್ತಾರೆ. ಹದಿನಾಲ್ಕೇ ತಾನೇ ಎನ್ನಬೇಡಿ. ರೋಹಿತ ಕಡಿದಾದ ಇಳಿಜಾರು. ಶಕ್ತಿಯ ಅಳತೆ 14 ಪರ್ಸೆಂಟ್ ಅತ್ತಿತ್ತ ಸರಿದರೆ ಕಣಗಳ ಸಂಖ್ಯೆ 25–30 ಪರ್ಸೆಂಟ್ ತಪ್ಪುತ್ತದೆ.

ಇಳಿಜಾರು ಮಾಡುವ ಇನ್ನೊಂದು ಕಿತಾಪತಿ ಇದೆ. ಶಕ್ತಿ ದುಪ್ಪಟ್ಟಾಗುತ್ತ ಹೋಗುವ ಮೂರು ಡಬ್ಬಿ ಇಟ್ಟುಕೊಳ್ಳಿ. ನಿಜದಲ್ಲಿ ಮೊದಲನೆಯದರಲ್ಲಿ 1,000, ನಡುವಿನದರಲ್ಲಿ 308, ಕೊನೆಯದರಲ್ಲಿ 95 ಮಳೆಗಳಿವೆ. ನಿಮ್ಮ ಅಳತೆ ಹತ್ತರಲ್ಲಿ ಒಂದನ್ನು ಮೇಲಿನ ಡಬ್ಬಿಗೆ, ಒಂದನ್ನು ಕೆಳಗಿನದಕ್ಕೆ ತಪ್ಪಿ ಹಾಕುತ್ತದೆ. ನಡುವಿನ ಡಬ್ಬಿಯಿಂದ 62 ಹೊರಗೆ ಹೋದವು. ಕೆಳಗಿನಿಂದ 100 ಬಂದವು, ಮೇಲಿನಿಂದ ಸುಮಾರು 10. ಈಗ ಅದರಲ್ಲಿ 356. ತಪ್ಪು ಎರಡೂ ಕಡೆಗೆ ಸಮನಾಗಿ ಆಗಿದ್ದರೂ ದೊಡ್ಡ ಮೀನು ಸುಮ್ನೆ ಜಾಸ್ತಿಯಾಗಿಬಿಟ್ಟಿತು! ಇದನ್ನು ವಾಪಸು ಬಿಡಿಸಿಕೊಳ್ಳದೆ ರೋಹಿತ ಬಿಡಿಸಬಾರದು. ಮಕ್ಕಳಿಗೆ ಬೋರ್ಡಿನ ಮೇಲೆ ಮಾಡಿಸಿ, ಕಡ್ಲೆ ಬೀಜ ಇದ್ದರೂ ಸಾಕು.

ಇನ್ನು ಬಂದದ್ದು ಯಾವ ಕಣ ಎಂಬ ಪ್ರಶ್ನೆ. ಕಬ್ಬಿಣದ ಬೀಜ ಅಂದರೆ 56 ಕಣಗಳ ಗುಂಪು. ಒಂದೊಂದಕ್ಕೂ ಶಕ್ತಿ ಕಡಿಮೆ. ಹಾಗಾಗಿ ಅದರ ಮಳೆ ಮೇಲೆಯೇ ಅರಳಿ ಮೇಲೆಯೇ ಬಾಡುತ್ತದೆ. ನೆಲಕ್ಕೆ ಎಲೆಕ್ಟ್ರಾನ್ ಕಡಿಮೆ, ಮ್ಯೂಯಾನ್ ಜಾಸ್ತಿ. ಎಲೆಕ್ಟ್ರಾನ್ ಮಾತ್ರ ಎಣಿಸಿದರೆ ದೊಡ್ಡ ಕಬ್ಬಿಣ ಸಣ್ಣ ಪ್ರೋಟಾನ್ ಹಾಗೆ ಕಾಣುತ್ತದೆ. ಅದಕ್ಕೇ ಊಟಿಯಲ್ಲಿ ಸಿಂಟಿಲೇಟರ್ ಜೊತೆಗೆ ಕಾಂಕ್ರೀಟಿನಡಿ 560 ಚದರ ಮೀಟರಿನ ಮ್ಯೂಯಾನ್ ದೂರದರ್ಶಕವೂ ಇದೆ. ಎರಡನ್ನೂ ಸೇರಿಸಿ ನೋಡಿದ್ದರಿಂದಲೇ ಅವರಿಗೆ 2024ರಲ್ಲಿ ಪ್ರೋಟಾನ್‌ಗಳ ರೋಹಿತದಲ್ಲಿ ಸುಮಾರು 1.66×10¹⁴ರ ಹತ್ತಿರ ಇಳಿಜಾರು ಸ್ವಲ್ಪ ಸಡಿಲಾಗುವುದು ಕಂಡಿತು. ಅಂದಹಾಗೆ, 2014ರ ಡಿಸೆಂಬರಿನ ಒಂದು ಗುಡುಗುಮೋಡದಲ್ಲಿ 130 ಕೋಟಿ ವೋಲ್ಟ್ ಇತ್ತೆಂದು ಲೆಕ್ಕ ಹಾಕಿದ್ದೂ ಇದೇ ಮ್ಯೂಯಾನ್ ಯಂತ್ರದಿಂದ. ಇಂಥ ಮೋಡದಲ್ಲಿ ಮ್ಯೂಯಾನ್ ಎಣಿಕೆಯೂ ಅಲುಗುತ್ತದೆ, ಆದರೆ ನಿಮ್ಮ ಅಂಗೈಯಗಲದ ಹಲಗೆಗೆ ಕಾಣುವಷ್ಟಲ್ಲ.

ತೀರ್ಪುಗಾರರ ಪರವಾಗಿ ಒಂದು ಮಾತು ಸೇರಿಸಿಬಿಡುತ್ತೇನೆ. ಅತಿ ಹೆಚ್ಚು ಶಕ್ತಿಯ ಮಳೆಗಳಲ್ಲಿ ನಮ್ಮ ಕಂಪ್ಯೂಟರ್ ಮಾದರಿಗಳು ಹೇಳುವುದಕ್ಕಿಂತ ಜಾಸ್ತಿ ಮ್ಯೂಯಾನ್ ಕಾಣುತ್ತಿವೆ. ಕಾರಣ ಇನ್ನೂ ಬಗೆಹರಿದಿಲ್ಲ. ಮಾದರಿಯನ್ನೇ ನಂಬಿ ಶಕ್ತಿ ಹೇಳುವ ಕಡೆ ಅನುಮಾನ ಪಡುವುದು ಸರಿಯೇ.

ಆದರೂ ರೋಹಿತದ ಆಕಾರ ಬೇರೆಬೇರೆ ದೇಶದ, ಬೇರೆಬೇರೆ ಬಗೆಯ ಯಂತ್ರಗಳಿಗೆ ಒಂದೇ ಥರ ಕಾಣುತ್ತದೆ. 3×10¹⁵ರ ಹತ್ತಿರ ಇಳಿಜಾರು ಮತ್ತಷ್ಟು ಕಡಿದಾಗುತ್ತದೆ, ಅದಕ್ಕೆ ‘ಮೊಣಕಾಲು’ ಎನ್ನುತ್ತೇವೆ. 5×10¹⁸ರ ಹತ್ತಿರ ಮತ್ತೆ ಸಡಿಲ, ಅದು ‘ಕಣಕಾಲು’. 4–5×10¹⁹ ದಾಟಿದರೆ ಧಡಕ್ಕನೆ ಕುಸಿತ. ಇಂಥ ಕುಸಿತ ಇರಬೇಕೆಂದು 1966ರಲ್ಲೇ ಹೇಳಿದ್ದರು. ಆದರೂ ಒಮ್ಮೊಮ್ಮೆ ರಾಕ್ಷಸ ಮೀನು ಸಿಗುತ್ತದೆ. 1991ರ ಅಕ್ಟೋಬರ್ 15ರಂದು ಅಮೆರಿಕದ ಯೂಟಾದಲ್ಲಿ ಕಂಡದ್ದು 3.2×10²⁰. ಒಂದು ಕಿಲೋದ ತೆಂಗಿನಕಾಯಿ ಐದು ಮೀಟರ್ ಮೇಲಿಂದ ಬಿದ್ದಷ್ಟು ಪೆಟ್ಟು, ಒಂದೇ ಒಂದು ಕಣದಲ್ಲಿ.

ಬಾಗು ಕಂಡಾಗ ಕುಣಿಯಬಾರದು ಎಂದು ಕಲಿತದ್ದು ಅನುಭವದಿಂದ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಬೆಟ್ಟದ ಮೇಲಿನ ಸಣ್ಣ ಜಾಲದಲ್ಲಿ, ನಮ್ಮ ರೋಹಿತ ಮೊಣಕಾಲು ಇರಬೇಕಾದ ಜಾಗಕ್ಕಿಂತ ಮೊದಲೇ ಬಾಗಿತು. ಮೂರು ವಾರ ನಮಗೆಲ್ಲ ಹಬ್ಬ. ಲೇಖನದ ಕರಡೂ ಸಿದ್ಧ. ಕೇಬಲ್ ಬೆಸುಗೆ ಹಾಕುತ್ತಿದ್ದ ಹಿರಿಯ ತಂತ್ರಜ್ಞರು ಒಂದು ದಿನ ಬಂದು, ‘ದೊಡ್ಡ ಸಿಗ್ನಲ್ ಎಲ್ಲ ಒಂದೇ ಅಂಕಿಗೆ ಹೋಗಿ ನಿಲ್ತಾ ಇದೆಯಲ್ಲ ಸಾರ್’ ಎಂದರು. ಹತ್ತು ಕಿಲೋ ತಕ್ಕಡಿಯಲ್ಲಿ ಹದಿನೈದು ಕಿಲೋ ಮೀನು ತೂಗಿದ ಕಥೆ. ಎಲೆಕ್ಟ್ರಾನಿಕ್ಸ್ ತುಂಬಿ ನಿಂತಿತ್ತು. ಆಕಾಶದಲ್ಲಿ ಏನೂ ಬಾಗಿರಲಿಲ್ಲ. ಕರಡು ಹರಿದು ಹಾಕಿದೆವು.

ಈಗ ದಾನಿಗಳ ಒಂದೂವರೆ ಲಕ್ಷ. ನಾಲ್ಕು ಮೂಲೆಗೆ ನಾಲ್ಕು ಹಲಗೆ ಇಟ್ಟರೆ ಸುರಿಮಳೆ ಸಿಗುತ್ತದೆಯೇ? ಸಿಗುತ್ತದೆ. ಆದರೆ ನಿಮ್ಮ ಹಲಗೆ ಚದರ ಮೀಟರಿನ ನೂರನೇ ಒಂದು ಪಾಲು. ಅದಕ್ಕೆ ಖಚಿತವಾಗಿ ಒಂದು ಕಣ ತಾಗಬೇಕಾದರೆ ಅಲ್ಲಿ ಚದರ ಮೀಟರಿಗೆ ನೂರಾರು ಕಣ ಬೀಳಬೇಕು. ಅಷ್ಟು ದಟ್ಟಣೆ ಇರುವುದು ದೊಡ್ಡ ಮಳೆಯ ನಟ್ಟನಡುವೆ ಮಾತ್ರ. ಹತ್ತು ಮೀಟರ್ ಚೌಕಕ್ಕೆ ನನ್ನ ಸ್ಥೂಲ ಲೆಕ್ಕದಲ್ಲಿ ವಾರಕ್ಕೆ ಒಂದೆರಡು. ಮೇಲಾಗಿ ಕರಾವಳಿ ಇದಕ್ಕೆ ಒಳ್ಳೆಯ ಜಾಗವಲ್ಲ. ಮೊಣಕಾಲಿನ ಆಸುಪಾಸಿನ ಮಳೆ ತುಂಬಿ ನಿಲ್ಲುವುದು ನಾಲ್ಕೈದು ಕಿಲೋಮೀಟರ್ ಎತ್ತರದಲ್ಲಿ. ಕುಮಟೆಗೆ ಬರುವಾಗ ಅದು ಜಡಿಮಳೆ ಹೋಗಿ ಹನಿಮಳೆ ಆಗಿರುತ್ತದೆ. ಊಟಿಯ ಜಾಲ 2,200 ಮೀಟರಿನಲ್ಲಿ, ಚೀನಾದ ಲಾಸೊ ಎಂಬ ಜಾಲ 4,410 ಮೀಟರಿನಲ್ಲಿ ಇರುವುದು ಅದಕ್ಕೇ. ಸಿರ್ಸಿಗೆ ಒಯ್ದರೂ ಇದರಲ್ಲಿ ದೊಡ್ಡ ಲಾಭವಿಲ್ಲ.

ಇನ್ನೊಂದು ಅಪಾಯ ಸುಳ್ಳು ಜೋಡಿ. ಒಂಟಿ ಹಲಗೆ ಸೆಕೆಂಡಿಗೆ ಹತ್ತು ಸಲ ಮಿನುಗುತ್ತದೆ, ಒಂದು ಮೈಕ್ರೋಸೆಕೆಂಡಿನ ಒಳಗೆ ಬಂದವನ್ನು ಜೋಡಿ ಎನ್ನುತ್ತೇವೆ ಎಂದಿಟ್ಟುಕೊಳ್ಳಿ. ಆಗ ದೂರ ಇಟ್ಟ ಎರಡು ಹಲಗೆಗಳಲ್ಲಿ ದಿನಕ್ಕೆ ಸುಮಾರು 17 ಜೋಡಿಗಳು ಬರೀ ಆಕಸ್ಮಿಕ. ನಿಜವಾದ ಮಳೆ ವಾರಕ್ಕೆರಡು, ಸುಳ್ಳು ದಿನಕ್ಕೆ ಹದಿನೇಳು! ಮೂರು ಹಲಗೆ ಒಟ್ಟಿಗೆ ಮಿನುಗಲೇಬೇಕು ಎಂದರೆ ಸುಳ್ಳು ಹೆಚ್ಚುಕಡಿಮೆ ಸೊನ್ನೆಗೆ ಇಳಿಯುತ್ತದೆ. ಮಾಡುವುದಿದ್ದರೆ ಹಾಗೆ ಮಾಡಿ. ಆದರೂ ಹತ್ತಿರ ಬಿದ್ದ ಸಣ್ಣ ಮಳೆಗೂ ದೂರ ಬಿದ್ದ ದೊಡ್ಡ ಮಳೆಗೂ ವ್ಯತ್ಯಾಸ ನಾಲ್ಕು ಹಲಗೆಗೆ ತಿಳಿಯದು. ಅಂದರೆ ‘ಮಳೆ ಬಂತು’ ಎನ್ನಬಹುದು, ಅದರ ಶಕ್ತಿಯ ರೋಹಿತ ಬಿಡಿಸಲಾಗದು. ನಾನಾದರೆ ಈ ಕೆಲಸಕ್ಕೆ ಒಂದೂವರೆ ಲಕ್ಷ ಖರ್ಚು ಮಾಡಿಸುವುದಿಲ್ಲ.

ಮಕ್ಕಳಿಗೆ ನಿಜವಾಗಿ ಒಂದು ಶಕ್ತಿಯ ರೋಹಿತ ಬೇಕಿದ್ದರೆ ಇರುವ ಎರಡೇ ಹಲಗೆಯಲ್ಲಿ ದಾರಿ ಇದೆ. ಅದು ಮೂಲ ಕಣದ್ದಲ್ಲ, ಮ್ಯೂಯಾನಿನ ರೋಹಿತ. ಮ್ಯೂಯಾನ್ ಒಂದು ಮೀಟರ್ ನೀರು ದಾಟಲು ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟ್ ಕಳೆದುಕೊಳ್ಳುತ್ತದೆ. ಯಂತ್ರವನ್ನು ಒಂದು ಮೀಟರ್, ಎರಡು, ಮೂರು ಎಂದು ನೀರಿನಲ್ಲಿ ಇಳಿಸುತ್ತ ಹೋದರೆ ಪ್ರತಿ ಆಳಕ್ಕೂ ‘ಇಷ್ಟು ಶಕ್ತಿ ಮೀರಿದವು ಇಷ್ಟು’ ಎಂಬ ಅಂಕಿ ಸಿಗುತ್ತದೆ. ಅದೇ ರೋಹಿತ. ಇಟಲಿಯ ದೊಮೆನಿಕೊ ಪಚೀನಿ 1911ರಲ್ಲಿ ಲಿವೊರ್ನೊ ಊರಿನ ಸಮುದ್ರದಲ್ಲಿ ಮೂರು ಮೀಟರ್ ಆಳಕ್ಕೆ ಯಂತ್ರ ಇಳಿಸಿ, ವಿಕಿರಣ ಐದನೇ ಒಂದು ಪಾಲು ಕಡಿಮೆಯಾದದ್ದು ಕಂಡ. ಅದು ಕಾಸ್ಮಿಕ್ ಕಿರಣ ಕಂಡುಹಿಡಿದವನೆಂದು ಹೆಸರಾದ ವಿಕ್ಟರ್ ಹೆಸ್‌ನ 1912ರ ಪ್ರಸಿದ್ಧ ಬಲೂನ್ ಹಾರಾಟಕ್ಕೂ ಒಂದು ವರ್ಷ ಮೊದಲು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ಬೇರೆಬೇರೆ ಆಳದಲ್ಲಿ ಮ್ಯೂಯಾನ್ ಎಣಿಸಿದ್ದೂ ಇದೇ ತತ್ವದ ಮೇಲೆ. ಅವರಿಗೆ ಗಣಿಯ ದಪ್ಪ ಕಲ್ಲು, ನಿಮಗೆ ಕೆಲವು ಮೀಟರ್ ನೀರು, ಇಷ್ಟೇ ವ್ಯತ್ಯಾಸ.

ಬರಿದಾದ ಬಾವಿಗೆ ಇಳಿಸಬೇಡಿ. ಬಾವಿಯ ಬಾಯಿಂದ ಮ್ಯೂಯಾನ್ ನೇರ ಇಳಿಯುತ್ತದೆ, ಅಡ್ಡಿಗೆ ಏನೂ ಇರುವುದಿಲ್ಲ. ನೀರು ತುಂಬಿದ ಕೆರೆ ಇಲ್ಲವೇ ತೋಟದ ಹೊಂಡ ನೋಡಿ. ಮಳೆಗಾಲದಲ್ಲಿ ಬೇಡ, ಸಮುದ್ರ ಯಾವತ್ತೂ ಬೇಡ. ನೀರು ನುಗ್ಗದ ಡಬ್ಬಿ, ಒಳಗೆ ಪವರ್ ಬ್ಯಾಂಕ್. ಮನೆಯ ಕರೆಂಟಿನ ವೈರ್ ನೀರಿನ ಹತ್ತಿರ ತರಲೇಬಾರದು. ನೀರಿಗೆ ಹಗ್ಗ ಇಳಿಸುವುದು ದೊಡ್ಡವರು, ಅಂಕಿ ಬರೆಯುವುದು ಮಕ್ಕಳು. ಪ್ರತಿ ಆಳಕ್ಕೂ ಹತ್ತು ತಾಸು ಎಣಿಸಿದರೆ ತಪ್ಪು ಒಂದು ಪರ್ಸೆಂಟಿನ ಹತ್ತಿರಕ್ಕೆ ಇಳಿಯುತ್ತದೆ.

ಮೊಣಕಾಲು, ಕಣಕಾಲು ತಾವೇ ಬಿಡಿಸಿ ನೋಡಬೇಕೆಂದರೆ ಅದಕ್ಕೂ ಖರ್ಚಿಲ್ಲ. ಪಿಯರ್ ಓಜೆ ವೀಕ್ಷಣಾಲಯ ತನ್ನ ಅಂಕಿಗಳಲ್ಲಿ ಒಂದು ಪಾಲನ್ನು 2021ರಿಂದ ಎಲ್ಲರಿಗೂ ತೆರೆದಿಟ್ಟಿದೆ. ಜರ್ಮನಿಯ ಕಸ್ಕಾಡೆ ಜಾಲದ್ದೂ ಸಿಗುತ್ತದೆ. ಶಾಲೆಯ ಕಂಪ್ಯೂಟರ್ ಸಾಕು. ಇದರ ಅಪಾಯ ಬೇರೆ ಥರದ್ದು, ಗುಂಡಿ ಒತ್ತಿ ಚೆಂದದ ಚಿತ್ರ ತೆಗೆದು ಪೋಸ್ಟರಿಗೆ ಅಂಟಿಸಿಬಿಡುವ ಆಸೆ. ಅದಕ್ಕೆ ಮೊದಲು ಆ ಮೂರು ಡಬ್ಬಿಗಳ ಲೆಕ್ಕ ಕೈಯಲ್ಲಿ ಮಾಡಿಸಿ. ದಾನಿಗಳ ದುಡ್ಡಿನಲ್ಲಿ ಒಂದು ಪಾಲು ತೆಗೆದು ಮಕ್ಕಳನ್ನು ಊಟಿಗೆ ಕರೆದುಕೊಂಡು ಹೋಗಿ, ಮೊದಲೇ ಬರೆದು ಅನುಮತಿ ಕೇಳಿ.

ಕೆರೆಯ ಪ್ರಯೋಗಕ್ಕೆ ಜನವರಿವರೆಗೆ ಕಾಯಬೇಕು. ಅಷ್ಟರೊಳಗೆ ದೇವಿಮನೆ ಘಟ್ಟದಲ್ಲಿ ಇನ್ನೂ ಎರಡು ಕಡೆ ನಿಂತು ಎಣಿಸಿ ಬನ್ನಿ. ಕೆಲವು ಫೋನುಗಳಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ, ಪ್ರತಿ ಅರ್ಧ ತಾಸಿಗೆ ಆ ಅಂಕಿ ಮತ್ತು ಹಲಗೆಯ ಉಷ್ಣತೆ ಎರಡನ್ನೂ ಪಕ್ಕದಲ್ಲಿ ಬರೆಯಿರಿ. ಹಲಗೆಗೆ ಸುತ್ತಿದ ಕಪ್ಪು ಟೇಪು ನಮ್ಮ ಕಡೆಯ ತೇವಕ್ಕೆ ಬಿಟ್ಟುಕೊಳ್ಳುತ್ತದೆ. ಹಗಲಿನಲ್ಲಿ ಒಂಟಿ ಎಣಿಕೆ ಏಕಾಏಕಿ ಏರಿದರೆ ರೇಡಾನ್ ಎನ್ನುವ ಮೊದಲು ಮೇಲೊಂದು ಕಂಬಳಿ ಹೊದೆಸಿ ನೋಡಿ. ಇಳಿದರೆ ಒಳಗೆ ಬಂದದ್ದು ಬಿಸಿಲು.